ಕರವಸ್ತ್ರದ ಗಂಟು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಸೋಲಾಪುರದ ನಮ್ಮ ಬಟ್ಟೆ ಅಂಗಡಿಯವರಿಗೆ ಇದು ಗೊತ್ತು, ಮನೆಯಲ್ಲಿ ನನ್ನ ಬಳಿ ಭರತನಾಟ್ಯ ಕಲಿಯುವ ಮಕ್ಕಳಿಗೂ ಗೊತ್ತು. ಕರಜಗಿ ಹಳ್ಳಿಯ ಶಾಲೆಯ ಮಕ್ಕಳಿಗೆ ಗೊತ್ತಾಗಲು ಎರಡು ಶನಿವಾರ ಹಿಡಿಯಿತು.

ಅಲ್ಲಿಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿ ಪುಕ್ಕಟೆ ನೃತ್ಯ ಕಲಿಸುತ್ತಿದ್ದೆ. ಪುಕ್ಕಟೆ ಎಂಬುದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ತಿರುಗುತ್ತಿದ್ದೆ. ಮೊದಲ ದಿನ ನಟರಾಜನ ಚಿತ್ರ ತೋರಿಸಿ, ನಮ್ಮಲ್ಲಿ ದೇವರೂ ಕುಣಿಯುತ್ತಾನೆ ಎಂದೆ. ಕುಣಿಯುವಾಗ ಭೂಮಿತಾಯಿಯನ್ನು ತುಳಿಯುತ್ತೇವೆ, ಅದಕ್ಕೇ ಮೊದಲು ನೆಲ ಮುಟ್ಟಿ ಕ್ಷಮೆ ಕೇಳಬೇಕು ಎಂದೂ ಕಲಿಸಿದೆ. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದಳೆಂದರೆ ಹಣೆಗೆಲ್ಲ ಧೂಳು ಮೆತ್ತಿತ್ತು. ಅವಳ ತಾಳ ಒಮ್ಮೆಯೂ ತಪ್ಪಲಿಲ್ಲ. ಇಷ್ಟು ವರ್ಷ ಕಲಿಸಿದ್ದೇನೆ, ಅಂಥ ಕಾಲು ನೋಡಿರಲಿಲ್ಲ. ನನ್ನದು ಒಂದೇ ತಕರಾರು: ಬಲಗೈಯಲ್ಲಿ ಸದಾ ಒಂದು ಕರವಸ್ತ್ರ. ಮುಷ್ಟಿ ಬಿಚ್ಚದವಳಿಗೆ ಹಸ್ತಮುದ್ರೆ ಕಲಿಸುವುದು ಹೇಗೆ?

ಎರಡನೇ ಶನಿವಾರ ತಾಳ್ಮೆ ಕೆಟ್ಟಿತು. ಕರವಸ್ತ್ರ ಕಸಿದು ಝಾಡಿಸಿದೆ. ಮೂಲೆಯ ಗಂಟು ಬಿಚ್ಚಿ ಅರಿಶಿನ ನೆಲಕ್ಕೆ ಚೆಲ್ಲಿತು. "ಏನಿದು ಹೊಲಸು?" ಎಂದು ಬಾಗಿಲ ಹಿಂದಿನ ಕಸಬರಿಗೆ ತಂದು ಗುಡಿಸಿಯೇಬಿಟ್ಟೆ. ಅವಳು ಅಳಲಿಲ್ಲ, ಖಾಲಿ ಬಟ್ಟೆ ಎತ್ತಿಕೊಂಡು ಮನೆಗೆ ಹೋದಳು.

ಉಳಿದ ಮಕ್ಕಳು ಆಮೇಲೆ ಹೇಳಿದರು. ಅದು ಕುರಿಗಾರರ ದೇವರು ಬೀರಪ್ಪನ ಭಂಡಾರ, ಪ್ರಸಾದದ ಅರಿಶಿನ. ಅವಳ ಮುತ್ಯಾ ಗುಡಿಯ ಮುಂದೆ ಡೊಳ್ಳಿನ ತಾಳಕ್ಕೆ ಕರವಸ್ತ್ರ ಬೀಸಿ ಕುಣಿಯುವವನು. ಮೊಮ್ಮಗಳೂ ಕುಣಿತ ಕಲಿಯುತ್ತಾಳೆಂಬ ಹಿಗ್ಗಿಗೆ ಅದೇ ಕರವಸ್ತ್ರದಲ್ಲಿ ಭಂಡಾರ ಕಟ್ಟಿ ಕೊಟ್ಟಿದ್ದನಂತೆ.

ಮುಂದಿನ ಶನಿವಾರ ಅವಳು ಬರಲಿಲ್ಲ. ನಾಚಿಕೆಯಿಂದ ನನಗೆ ಅನ್ನ ಸೇರಲಿಲ್ಲ. ನಟರಾಜನ ಬಗ್ಗೆ ಭಾಷಣ ಬಿಗಿದವಳು ನಾನು, ದೇವರ ಭಂಡಾರಕ್ಕೆ ಕಸಬರಿಗೆ ಹಚ್ಚಿದವಳೂ ನಾನೇ. ಕೊನೆಗೆ ಅವರ ಮನೆ ಹುಡುಕಿಕೊಂಡು ಹೋದೆ. ಮುತ್ಯಾ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ಬೈಗುಳ ತಿನ್ನಲು ತಯಾರಾಗಿಯೇ ನಿಂತೆ.

"ತಪ್ಪಾತ್ರಿ ಮುತ್ಯಾ," ಎಂದೆ.

"ನಿಮಗೇನ್ ಮಾಹಿತಿ ಇತ್ತರಿ. ಕೂಡ್ರಿ, ಚಾ ಕುಡೀರಿ," ಎಂದ. ಮರಿಯನ್ನು ಕೆಳಗೆ ಬಿಟ್ಟು, "ನಾ ಆಕಿಗಿ ಹೋಗಬ್ಯಾಡ ಅಂದಿಲ್ರಿ. ‘ನಮ್ಮ ಕುಣಿತ ಹೊಲಸಂತ, ಮುತ್ಯಾ’ ಅಂತಾಳ. ಈಗ ಡೊಳ್ಳ ಬಾರ್ಸಿದ್ರೂ ಏಳವಲ್ಲಳು," ಎಂದ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂಥ ಕಾಲನ್ನು ನಾನು ನಿಲ್ಲಿಸಿಬಿಟ್ಟಿದ್ದೆ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

"ಶನಿವಾರ ನನಗ ನಿಮ್ಮ ಕುಣಿತ ಕಲಸ್ತೀಯೇನವ್ವಾ?" ಎಂದು ಕೇಳಿದೆ. ಬಾಗಿಲು ಮುಚ್ಚಿತು.

ಆದರೆ ಶನಿವಾರ ಬಂದಳು, ಕರವಸ್ತ್ರದ ಮೂಲೆಗೆ ಹೊಸ ಗಂಟು ಹಾಕಿಕೊಂಡು. ಅವಳನ್ನು ನನ್ನ ಜಾಗದಲ್ಲಿ ನಿಲ್ಲಿಸಿ, ನಾನು ಸೆರಗು ಸಿಕ್ಕಿಸಿ ಮಕ್ಕಳ ಸಾಲಿಗೆ ಸೇರಿದೆ. ನನ್ನ ಕೈಯಲ್ಲೂ ಒಂದು ಕರವಸ್ತ್ರ. ನಾನೋ ಗಡಿಬಿಡಿಯವಳು, ಅವಳು ಹೇಳುವ ಮುಂಚೆಯೇ ಕಾಲೆತ್ತಿದೆ.

"ನಿಂದರ್ರಿ ಅಕ್ಕೋರ," ಎಂದಳು. "ಮೊದಲ ನೆಲ ಮುಟ್ರಿ. ನೀವಾ ಹೇಳೀರಿ."

ಬಗ್ಗಿ ಮುಟ್ಟಿದೆ. ನಾನು ಕಸಬರಿಗೆ ಆಡಿಸಿದ ಜಾಗವೇ ಅದು. ಫರ್ಶಿ ಕಲ್ಲುಗಳ ಸಂದಿಯಲ್ಲಿ ಇನ್ನೂ ಹಳದಿ ಉಳಿದಿತ್ತು. ಕ್ಷಮೆ ಕೇಳಿದೆ, ಬೇಗ ಏಳಲಾಗಲಿಲ್ಲ.