ಪೌಂಡ್ ಗುರುತಿನ ಪುಟಗಳು

ನಮ್ಮ ಮನೆಯವರಿಗೆ ಒಳ್ಳೆಯದು ಮಾಡುವ ಚಟ. ಯಾರೂ ಕೇಳದಿದ್ದರೂ ಮಾಡುತ್ತಾರೆ. ಆ ಸಲ ಅವರ ಕೈಗೆ ಸಿಕ್ಕಿದ್ದು ನನ್ನ ಲ್ಯಾಪ್‌ಟಾಪ್.

ವಾಡಿಯ ಮನೆಯಲ್ಲೇ ಕೂತು ಚಿತ್ತಾಪುರದ ವಕೀಲರೊಬ್ಬರಿಗೆ ಅರ್ಜಿ ಟೈಪ್ ಮಾಡಿಕೊಡಲು ಕೊಂಡದ್ದು ಅದು. ಅಗ್ಗದ್ದು, ಒಳಗೆ ಜಾಗವೂ ಕಡಿಮೆ. ಆನ್ ಮಾಡಿ ಒಳಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

"ವಿಂಡೋಸ್ ತಗದು ಲಿನಕ್ಸ್ ಹಾಕ್ತೀನಿ. ಪುಕ್ಕಟೆ ಅದ, ಭಾಳ ಹಗುರ ಅದ. ಯಾರ ಹಂಗೂ ಇಲ್ಲ," ಎಂದರು ವಾರದ ರಜೆಯ ಮುಂಜಾನೆ. ಸಿಮೆಂಟ್ ಕಾರ್ಖಾನೆಯ ಗೆಳೆಯರಿಂದ ಎರಡು ಪೆನ್‌ಡ್ರೈವ್ ತಂದಿದ್ದರು. ಒಂದರಲ್ಲಿ ನನ್ನ ಫೈಲುಗಳನ್ನು ತೆಗೆದಿಟ್ಟು, ಇನ್ನೊಂದರಿಂದ ಲಿನಕ್ಸ್ ಹಾಕಿ, ಫೈಲುಗಳನ್ನು ಮರಳಿ ತುಂಬಿ, ಆ ಪೆನ್‌ಡ್ರೈವ್ ಖಾಲಿ ಮಾಡಿದರು. ನಾನು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಎಲ್ಲ ಆಗಿತ್ತು.

"ಇಲ್ಲಿ ಬಾ. ಇದೇನಿದು? ಎಲ್ಲಾ ಕಡೆ ಪೌಂಡ್ ಗುರುತೇ ಕಾಣ್ಲಿಕತ್ತಾವ!"

ಹಿಟ್ಟಿನ ಕೈಯಲ್ಲೇ ಹೋದೆ. ನೋಡಿದ ಕೂಡಲೇ ಏನಾಗಿದೆಯೆಂದು ಗೊತ್ತಾಯಿತು. ನಾನು ಟೈಪ್ ಮಾಡುತ್ತಿದ್ದುದು ಹಳೆಯ ಕನ್ನಡ ಫಾಂಟಿನಲ್ಲಿ. ಹೊಸ ಲಿನಕ್ಸಿನಲ್ಲಿ ಅದಿರಲಿಲ್ಲ; ಅದಿಲ್ಲದ ಕಂಪ್ಯೂಟರಿನಲ್ಲಿ 'ನ' ಪೌಂಡ್ (£) ಗುರುತಾಗಿ ಕಾಣುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ನನಗೆ ಆ ಕಲಸುಮೇಲೋಗರವನ್ನೂ ಅಷ್ಟಿಷ್ಟು ಓದಲು ಬರುತ್ತದೆ. ಅವರು ತೆರೆದಿದ್ದು ಅರ್ಜಿಯಲ್ಲ. ಅರ್ಜಿಗಳ ನಡುವೆ ಬಚ್ಚಿಟ್ಟಿದ್ದ ನನ್ನ ಸ್ವಂತ ಪುಟಗಳು. ಸಾಲು ಸಾಲೂ 'ನಾನು', 'ನನಗೆ', 'ನನ್ನ'. ಪೌಂಡ್ ಗುರುತು ಇರದೆ ಏನು?

ಪಂಚಮಿಗೂ ಕುಂಚಾವರಂನ ತವರಿಗೆ ಕಳಿಸದಿದ್ದ ಸಿಟ್ಟು ಅದರಲ್ಲಿತ್ತು. ಸೇಡಂನಲ್ಲಿ ನನ್ನದೇ ಒಂದು ಟೈಪಿಂಗ್ ಅಂಗಡಿ ಇಡುವ ಆಸೆ ಇತ್ತು. ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಎಂದು ಎಷ್ಟು ಸಲ ಬರೆದಿದ್ದೆನೋ! ಎಂಟು ವರ್ಷ ಯಾರಿಗೂ ಹೇಳದ್ದನ್ನು ಅಲ್ಲಿ ಹೇಳಿಕೊಂಡಿದ್ದೆ. ಹೇಳಿಕೊಂಡಿದ್ದರಿಂದಲೇ ಮರುದಿನ ಎದ್ದು ಒಲೆ ಹಚ್ಚಲು ಆಗುತ್ತಿತ್ತು.

"ಅಂಜಬ್ಯಾಡ," ಎಂದರು. ನನ್ನ ಮುಖ ಕಂಡು ಕೆಲಸ ಕೆಟ್ಟಿತೆಂದು ಅಂಜಿದ್ದೇನೆ ಎಂದುಕೊಂಡಿರಬೇಕು. "ಇದನ್ನ ಬದಲು ಮಾಡೋದು ಇಂಟರ್‌ನೆಟ್‌ನಾಗ ಸಿಗ್ತದ. ಒಂದು ನಿಮಿಷದಾಗ ಎಲ್ಲಾ ಕನ್ನಡ ಆಗ್ತದ. ನಾನೇ ಕುಂತು ಒಂದೊಂದೇ ಓದಿ ನೋಡ್ತೀನಿ."

"ಬ್ಯಾಡ್ರಿ!" ನನ್ನ ದನಿ ನನಗೇ ಜೋರೆನಿಸಿತು. "ಯಾರ್‍ಯಾರದೋ ಹಳೇ ಅರ್ಜಿರಿ ಅವು. ಈಗ ಯಾತಕ್ಕೂ ಬೇಕಾಗಂಗಿಲ್ಲ."

"ಮತ್ತ ಯಾಕ ಇಟ್ಕೊಂಡು ಕುಂದ್ರಬೇಕು? ಮೊದಲೇ ಜಾಗ ಇಲ್ಲ."

ಅಳಿಸಲೆಂದು ಫೈಲುಗಳನ್ನೆಲ್ಲ ಒಟ್ಟಿಗೆ ಆರಿಸಿದರು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಇರಲಿ ಎಂದರೆ ಇವತ್ತೇ ಕನ್ನಡ ಮಾಡಿ ಓದುತ್ತಾರೆ. ನನ್ನ ಸುಳ್ಳೇ ನನ್ನ ಕೊರಳಿಗೆ ಬಿದ್ದಿತ್ತು. ಕೈಗೆ ಮೆತ್ತಿದ ಹಿಟ್ಟು ಒಣಗಿ ಬಿಗಿಯುತ್ತಿತ್ತು.

"ಕಾಯಂ ಅಳಿಸಲಾ ಅಂತ ಕೇಳ್ಲಿಕತ್ತದ ನೋಡು. ಅಳಸ್ಲಾ?"

ಅವರು ನನ್ನನ್ನು ಕೇಳಿ ಕೆಲಸ ಮಾಡಿದ್ದು ಅದೊಂದೇ ಸಲ.

"ಅಳಸ್ರಿ," ಎಂದೆ.

ಒಂದು ಕ್ಷಣವೂ ಹಿಡಿಯಲಿಲ್ಲ. ಹೊಸ ಸಿಸ್ಟಮ್ ನಿಜಕ್ಕೂ ಚುರುಕಾಗಿತ್ತು. ಅವರು ಖುಷಿಯಿಂದ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡು, ಈಗ ಎಷ್ಟು ಜಾಗ ಆತು ನಿನಗ!"

"ಭಾಳ ಚೊಲೋ ಆತ್ರಿ," ಎಂದು ಕೈ ತೊಳೆಯಲು ಹೋದೆ.