ಕೊಲ್ಹಾಪುರದ ಪೇಟೆಯಲ್ಲಿ ಅಜ್ಜನ ಕೂಗು

ಇವತ್ತು ಬೋರಗಾಂವ ದಾಟುವಾಗ ಕುರಿಹಿಂಡೊಂದು ನಮ್ಮ ಕಾರಿಗೆ ಅಡ್ಡ ಬಂತು. ಕುರಿ ಕಾಯುವವ "ಹುರ್ರ್ಯಾ... ಹೋ!" ಎಂದು ಕೂಗಿದ್ದೇ ತಡ, ನಾನು ಚಿಕ್ಕಂದಿನಲ್ಲಿ ಕಂಡ ಕೊಲ್ಹಾಪುರದ ಪೇಟೆಯಲ್ಲಿದ್ದೆ.

ನಮ್ಮ ಕುರಿಗಳನ್ನು ಕಾಕಾನಿಗೆ ಒಪ್ಪಿಸಿ ಮನೆಮಂದಿಯೆಲ್ಲ ತಿರುಗಾಡಲು ಹೊರಟದ್ದು ಅದೊಂದೇ ಸಲ. ಮಾವನ ಟ್ರ್ಯಾಕ್ಟರಿನಲ್ಲಿ ಹೋಗಿ, ಪಂಚಗಂಗೆಯ ದಂಡೆಯಲ್ಲಿ ಡೇರೆಯ ಹಾಗೆ ತಾಡಪತ್ರಿ ಕಟ್ಟಿ, ಕಂಬಳಿ ಹಾಸಿ ಮಲಗಿದ್ದೆವು. ಮರುದಿನ ಮೂರು ಕಲ್ಲಿನ ಒಲೆಯ ಮೇಲೆ ಅವ್ವ ಬಡಿದ ರೊಟ್ಟಿ ತಿಂದು ಪೇಟೆ ನೋಡಲು ನಡೆದೆವು.

ಬಳೆ ಅಂಗಡಿಗಳ ಗದ್ದಲದಲ್ಲಿ ತಂಗಿ ತಪ್ಪಿಸಿಕೊಂಡಳು. ಅವ್ವ ಅಳತೊಡಗಿದಳು. ಅಜ್ಜ ಮಾತ್ರ ನಡುಬೀದಿಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಸಂಜೆ ಕುರಿ ಕರೆಯುವ ಹಾಗೆಯೇ ಕೂಗಿದ.

"ಹುರ್ರ್ಯಾ... ಹೋ!"

ಪೇಟೆಗೆ ಪೇಟೆಯೇ ತಿರುಗಿ ನೋಡಿತು. ಅಪ್ಪನಿಗೆ ನಾಚಿಕೆ. "ಯಪ್ಪಾ, ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು," ಎಂದು ಅಜ್ಜ ಮತ್ತೆ ಕೂಗಿದ.

ಆ ಮಂದಿಯ ಕಾಲುಗಳ ನಡುವಿನಿಂದ ತಂಗಿ ಓಡಿ ಬಂದು ಅವನ ಧೋತರ ಹಿಡಿದಳು. ಅಷ್ಟು ದೊಡ್ಡ ಪೇಟೆಯಲ್ಲಿ ಅವತ್ತು ನಮ್ಮಜ್ಜನಿಗಿಂತ ದೊಡ್ಡವರು ನನಗೆ ಯಾರೂ ಕಾಣಲಿಲ್ಲ. ಎದೆಯುಬ್ಬಿಸಿ ಅವನ ಹಿಂದೆ ನಡೆದೆ.

ಇವತ್ತು ಕಾರಿನ ಗಾಜು ಇಳಿಸಿ ನಾನೂ ಕೂಗಿಬಿಟ್ಟೆ. ಮಗಳು ಅಂಗಿ ಜಗ್ಗಿದಳು. "ಅಪ್ಪಾ, ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡವಾ."