ರೇಣುಕಾಳ ಮೇಲಿನ ಗೆರೆ

ಶಕುನ, ಹಲ್ಲಿ ನುಡಿದದ್ದು, ಯಾರದೋ ಬಾಯಿಂದ ಬಂದ ಮಾತು ನಿಜವಾದದ್ದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತ ಇಪ್ಪತ್ತು ವರ್ಷ ಕಳೆದವಳು ನಾನು. ಗಾಜಿನ ಕೆಳಗೆ ಕಂಡದ್ದಷ್ಟೇ ನಿಜ, ಉಳಿದದ್ದು ಕೆಲಸವಿಲ್ಲದವರ ಹರಟೆ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಹಾಗೆಂದು ನಂಬಿಕೆ ಹುಟ್ಟಿದೆ ಎಂದೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಏನಾದರೂ ಹೊಳೆದರೆ ಹೊಳೆಯಲಿ.

ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಒಂದು ಕಾಯಿಲೆ ಇದೆ. ದೊಡ್ಡ ಡಾಕ್ಟರರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದಾರೆ, ಊರವರು ಸೋಲು ಬ್ಯಾನಿ ಅನ್ನುತ್ತಾರೆ. ಏಳೆಂಟು ವರ್ಷದವರೆಗೆ ಕುಣಿದಾಡಿದ ಮಗು ಒಂದು ದಿನ ಸುಮ್ಮಸುಮ್ಮನೆ ಬೀಳುತ್ತದೆ. ಆಮೇಲೆ ನೆಲದಿಂದ ಏಳಬೇಕಾದರೆ ತನ್ನ ತೊಡೆಗಳನ್ನೇ ಹಿಡಿದುಕೊಂಡು ಏಳುತ್ತದೆ. ಆಮೇಲೆ ಕೂತಲ್ಲೇ. ಕೊನೆಗೆ ಉಸಿರೂ ಸೋಲುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಮೂವರು ಡಾಕ್ಟರರು ಇಂಥ ಒಂದೆರಡು ಮಕ್ಕಳನ್ನು ಕಂಡು, ಇದು ನಮ್ಮಲ್ಲಿ ಮಾತ್ರ ಇದೆ ಎಂದು ಬೇರೆಬೇರೆಯಾಗಿ ತಲೆ ಕೆರೆದುಕೊಳ್ಳುತ್ತಿದ್ದರು. ಅವರನ್ನು ಒಂದುಗೂಡಿಸಿ, ಬೆಂಗಳೂರಿನ ಸಂಶೋಧಕರ ಜೊತೆ ಸೇರಿಸಿ, ಎಲ್ಲ ಮಕ್ಕಳದೂ ಒಂದೇ ಪಟ್ಟಿ ಮಾಡುವ ಕೆಲಸ ಶುರುವಾಯಿತು. ಬಸ್ಸು ಹತ್ತಿ ಊರೂರು ತಿರುಗುವ ಪಾಲು ನನ್ನದಾಯಿತು.

ಪಟ್ಟಿಗೆ ಅವಸರವಿತ್ತು. ಹೊಸ ಔಷಧಿಯೊಂದನ್ನು ಕೆಲವು ಮಕ್ಕಳಿಗೆ ಕೊಟ್ಟು ನೋಡುವವರಿದ್ದರು. ತಾನೇ ಎದ್ದು ನಿಲ್ಲುವ ಶಕ್ತಿ ಉಳಿದಿರುವ ಮಕ್ಕಳಿಗೆ ಮಾತ್ರ. ನಿಲ್ಲಲಾಗದ ಮಗುವಿಗೆ ಅದು ನಾಟುವುದಿಲ್ಲ ಎಂದಿದ್ದರು.

ಕಾಯಿಲೆ ಬರುವುದು ತಾಯಿ ತಂದೆ ಇಬ್ಬರ ರಕ್ತದಲ್ಲೂ ಅದೇ ದೋಷವಿದ್ದಾಗ. ಆದ್ದರಿಂದ ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯಬೇಕಿತ್ತು. ಕಾಲುವೆ ನೀರು ಬಂದ ಮೇಲೆ ಒಂದೇ ಮನೆತನದವರು ಹೊಲ ಮಾರಿ, ಹೊಲ ಕೊಂಡು ಮೂರು ದಿಕ್ಕಿಗೆ ಚದುರಿಹೋಗಿದ್ದರು. ಅಜ್ಜನ ಹೆಸರಿನಾಚೆ ಕೇಳಿದರೆ, "ಯಾರಿಗಿ ಗೊತ್ತದರಿ?" ಅನ್ನುವರು. ಆಗ ನನಗೆ ಹೆಳವರು ನೆನಪಾದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆಯ ಮುಂದೆ ಆ ಮನೆತನದ ಏಳು ತಲೆಮಾರು ಓದಿ, ಜೋಳ ಪಡೆದು ಹೋಗುವವರು. ದುರ್ಗಪ್ಪನೆಂಬ ಹೆಳವನನ್ನು ಹಿಡಿದೆ. ಮುದುಕ, ಆದರೆ ಕಣ್ಣು ಚುರುಕು.

ಅವನ ಪುಸ್ತಕದಲ್ಲಿ ಗಂಡಸರು ಮಾತ್ರ ಇದ್ದರು. "ಹೆಣ್ಣು ಮಂದಿ ಮನಿಗಿ ಹೋಗಾದು ರೀ, ನಮ್ಮ ಬುಕ್ಕಿನ್ಯಾಗ ಬರಂಗಿಲ್ಲ" ಎಂದ. ಎರಡು ಮಾತು ಬೈದೆ, ನಕ್ಕ. ಕೊನೆಗೆ ಒಂದು ಹೊಂದಾಣಿಕೆ ಮಾಡಿಕೊಂಡೆವು. ಹೆಣ್ಣುಮಕ್ಕಳನ್ನು ಮನೆಯವರಿಂದ ಕೇಳಿ ನಾನು ಮೊದಲೇ ನನ್ನ ಕಾಗದದಲ್ಲಿ ಗುರುತು ಮಾಡುವುದು. ಆಮೇಲೆ ಅವನು ಗಂಡಸರನ್ನು ತನ್ನ ಪುಸ್ತಕದಿಂದ, ಹೆಂಗಸರನ್ನು ನನ್ನ ಕಾಗದದಿಂದ ನೋಡಿ ಒಟ್ಟಿಗೆ ಓದುವುದು. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ಕಾಯಿಲೆಯಿದ್ದರೆ ಒಳಗೆ ಮಸಿ ತುಂಬುವುದು, ಸತ್ತಿದ್ದರೆ ಮೇಲೊಂದು ಓರೆ ಗೆರೆ. ಒಂದೇ ಬೆಳಗಿನಲ್ಲಿ ಕಲಿತುಬಿಟ್ಟ. ಅವನಿಂದಾಗಿ ಸುರಪುರದ ಮಗುವಿನ ಮುತ್ತಜ್ಜನೂ ಶಹಾಪುರದ ಮಗುವಿನ ಮುತ್ತಜ್ಜನೂ ಅಣ್ಣತಮ್ಮಂದಿರೆಂದು ಗೊತ್ತಾದಾಗ ಡಾಕ್ಟರರು ಬಾಯಿ ಬಿಟ್ಟು ಕೂತರು.

ಆ ದಿನ ಶಹಾಪುರದಾಚೆ ಕಾಲುವೆ ದಂಡೆಯ ಊರಿನಲ್ಲಿ ಸಾಬವ್ವನ ಮನೆಗೆ ಹೋಗಿದ್ದೆವು. ಅವಳ ಮಗ ಮಾಳಪ್ಪ ಈ ಕಾಯಿಲೆಯಿಂದಲೇ ಸತ್ತಿದ್ದ. ಮಗಳು ರೇಣುಕಾಗೆ ಒಂಬತ್ತು ವರ್ಷ, ಬೀಳಲು ಶುರುವಾಗಿತ್ತು, ಆದರೆ ಇನ್ನೂ ನಿಲ್ಲುತ್ತಿದ್ದಳು. ಗೋಡೆ ಹಿಡಿದುಕೊಂಡು ಬಂದು ನನಗೆ ನೀರು ಕೊಟ್ಟಳು. ಅವಳ ಸುತ್ತಿನೊಳಗೆ ನಾನು ಮಸಿ ತುಂಬಿದೆ. ಅಷ್ಟೇ ಮಾಡಿದ್ದು ಎಂದು ಆಣೆಯಿಟ್ಟು ಹೇಳಬಲ್ಲೆ.

ಹೊತ್ತು ಏರಿತ್ತು, ಅಂಗಳದ ತುಂಬ ಬಿಸಿಲು. ಕಂಬಳಿಯ ಮೇಲೆ ನಾನೊಂದು ಕಡೆ, ದುರ್ಗಪ್ಪನೊಂದು ಕಡೆ, ನಡುವೆ ರೇಣುಕಾ. ಅವಳಿಗೆ ನನ್ನ ಪೆನ್ನಿನ ಮೇಲೆ ಕಣ್ಣು. ದುರ್ಗಪ್ಪ ರಾಗವಾಗಿ ಓದತೊಡಗಿದ. ಸತ್ತ ಗಂಡಸಿನ ಹೆಸರು ಬಂದಾಗಲೆಲ್ಲ "ಶಿವನ ಪಾದಕ್ಕ ಹ್ವಾದ" ಎಂದು ಎಳೆಯುವನು, ನಾನು ಚೌಕದ ಮೇಲೆ ಗೆರೆ ಎಳೆಯುವೆ. ಹೀಗೆ ತಲೆಮಾರು ಇಳಿದು ಬಂದು, "ಮಗ ಮಾಳಪ್ಪ, ಶಿವನ ಪಾದಕ್ಕ ಹ್ವಾದ" ಎಂದ. ಗೆರೆ ಎಳೆದೆ. ಅದೇ ರಾಗದಲ್ಲಿ, "ಮಗಳು ರೇಣುಕಾ, ಶಿವನ ಪಾದಕ್ಕ ಹ್ವಾದ್ಲು" ಎಂದ.

ಸಾಬವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಒಳಗಿಂದ ಓಡಿಬಂದಳು. "ನಿನ್ನ ನಾಲಿಗಿಗಿ ಹುಳ ಬೀಳ್ಲಿ! ಕಣ್ಣ ಮುಂದ ಕುಂತ ಕೂಸಿಗಿ ಏನಂತಿ?" ದುರ್ಗಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ರೇಣುಕಾ ಕಿಸಕ್ಕನೆ ನಕ್ಕು, "ನಾ ಇಲ್ಲೇ ಅದೀನಲ್ಲ!" ಎಂದಳು. ನನಗೆ ಸಿಟ್ಟು ಬಂದದ್ದು ಸಾಬವ್ವನ ಮೇಲೆ. ಬಾಯಿ ತಪ್ಪಿದ ಮಾತಿಗೆ ಇಷ್ಟೊಂದು ರಂಪವೇ ಎಂದು ಅವಳನ್ನೇ ಗದರಿಸಿ, ಕಾಗದ ಮಡಚಿ ಚೀಲಕ್ಕೆ ತುರುಕಿದೆ. ಮರುದಿನ ಯಾದಗಿರಿಯಲ್ಲಿ ಕೂತು ಎಲ್ಲ ಕಾಗದಗಳಿಂದ ಪಟ್ಟಿ ಇಳಿಸಿದೆ. ಚಹಾ ಕುಡಿಯುತ್ತ ಇಳಿಸಿದೆ. ಮಸಿ ತುಂಬಿದ್ದೂ ಗೆರೆಯಿಲ್ಲದ ಹೆಸರುಗಳಷ್ಟೇ ಬೆಂಗಳೂರಿಗೆ ಹೋದವು.

ಎರಡು ತಿಂಗಳಾದ ಮೇಲೆ ಶಹಾಪುರದ ಡಾಕ್ಟರರು, ರೇಣುಕಾಳಿಗೆ ಕರೆ ಏಕೆ ಬರಲಿಲ್ಲ ಎಂದು ಕೇಳಿದರು. ಚೀಲ ತೆಗೆದು ನೋಡಿದೆ. ಅವಳ ಸುತ್ತಿನ ಮೇಲೆ ಗೆರೆಯಿತ್ತು. ನನ್ನ ನೀಲಿ ಮಸಿ, ನನ್ನದೇ ಕೈ. ಬೆಂಗಳೂರಿಗೆ ಓಡಿದೆ, ಬರೆದೆ, ಕೈಮುಗಿದೆ, ಅತ್ತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಪಟ್ಟಿ ಮುಚ್ಚಿದೆ, ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲ ಬರುವ ಹೊತ್ತಿಗೆ ರೇಣುಕಾ ನಿಲ್ಲುತ್ತಿರಲಿಲ್ಲ. ಔಷಧಿ ಸಿಕ್ಕ ಸುರಪುರದ ಹುಡುಗಿ ಈಗಲೂ ನಡೆದೇ ಶಾಲೆಗೆ ಹೋಗುತ್ತಾಳೆ.

ಆ ಗೆರೆ ಕಂಡ ವಾರವೇ ದುರ್ಗಪ್ಪನ ಬಿಡಾರಕ್ಕೆ ಜಗಳಕ್ಕೆಂದೇ ಹೋಗಿದ್ದೆ. ನಿನ್ನ ಹಾಳು ಬಾಯಿಯ ಹಿಂದೆ ನನ್ನ ಕೈ ಹೋಯಿತು ಎಂದೆ. ಅವನು ನನ್ನನ್ನೇ ಪಿಳಿಪಿಳಿ ನೋಡಿದ.

"ಹೆಣ್ಣುಮಕ್ಕಳು ನನ್ನ ಬುಕ್ಕಿನ್ಯಾಗ ಇಲ್ಲಲ್ರಿ ಅಕ್ಕೋರೆ. ನಿಮ್ಮ ಕಾಗದ ನೋಡೇ ಓದೀನಿ. ಗೆರಿ ಮೊದಲೇ ಇತ್ತು."

ಸುಳ್ಳು ಎಂದು ಕೂಗಿದೆ. ಅವನು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಆಣೆ ಮಾಡಿದ. ಹೆಳವ ಎತ್ತಿನ ಮೇಲೆ ಸುಳ್ಳಾಣೆ ಮಾಡುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ತಿರುಗಿ ಬರುವಾಗ ಬಸ್ಸಿನಲ್ಲಿ ನೆನಪಿಸಿಕೊಂಡೆ. ಅವನ ಮಾತು ಕೇಳಿದ್ದು ನೆನಪಿದೆ. ಗೆರೆ ಎಳೆದದ್ದು ನೆನಪಿಲ್ಲ. ಮಾತಿಗೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅವನು ಗೆರೆ ನೋಡಿ ಓದಿದ, ಅವನು ಓದಿದ್ದು ಕೇಳಿ ನಾನು ಎಳೆದೆ ಎಂದರೆ ಶುರುವಾದದ್ದು ಎಲ್ಲಿಂದ?

ಸಾಬವ್ವನ ಮುಂದೆ ಇದನ್ನೆಲ್ಲ ಹೇಳಿದೆ. ಹಣೆಬರಹ ಎಂದು ಅವಳು ಒಂದು ಮಾತು ಅಂದುಬಿಡಲಿ ಎಂದು ನನ್ನ ಜೀವ ಕಾಯುತ್ತಿತ್ತು. ಜೀವಮಾನವೆಲ್ಲ ಹಣೆಬರಹವನ್ನು ಗೇಲಿ ಮಾಡಿದವಳು ಆ ದಿನ ಅದರ ಸೆರಗಿನಲ್ಲಿ ಅಡಗಲು ಹೋಗಿದ್ದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಯಾರದು ಮೊದಲು ಅಂತ ನೀವಿಬ್ಬರು ಬಡದಾಡ್ಕೋರಿ ಅಕ್ಕೋರೆ. ನನ್ನ ಕೂಸು ನಿಮ್ಮಿಬ್ಬರ ನಡುವ ಕುಂತಿತ್ತು. ಒಮ್ಮಿ ತಲಿ ಎತ್ತಿ ನೋಡಿದ್ರ ಸಾಕಿತ್ತಲ್ರಿ."

ಅದಾದ ಮೇಲೆ ರೇಣುಕಾ ಎರಡು ವರ್ಷ ಬದುಕಿದ್ದಳು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆ ಬೆಳಿಗ್ಗೆ ನನ್ನ ಪೆನ್ನಿನಿಂದ ಕಣ್ಣು ಕೀಳದೆ ಕೂತಿದ್ದವಳು ಅವಳೊಬ್ಬಳೇ. ಯಾವುದು ಮೊದಲು ಎಂದು ನೋಡಿದವರು ಈ ಲೋಕದಲ್ಲಿ ಯಾರಾದರೂ ಇದ್ದರೆ ಅವಳೇ. ಒಂದು ಸಲ, ದನಿ ಸಣ್ಣಗಾಗಿದ್ದ ದಿನಗಳಲ್ಲಿ, "ಅಕ್ಕೋರೆ, ಅವತ್ತು ಹೆಳವ ಮುತ್ಯಾ ಬಂದಾಗ ನೀವು ಪೆನ್ನು..." ಎಂದು ಅವಳಾಗಿಯೇ ಶುರು ಮಾಡಿದಳು.

ನಾನು ಗಡಿಬಿಡಿಯಿಂದ ಚೀಲದಲ್ಲಿದ್ದ ಪೆಪ್ಪರಮಿಂಟು ತೆಗೆದು ಅವಳ ಬಾಯಿಗಿಟ್ಟೆ. ಚೀಪುತ್ತ ಸುಮ್ಮನಾದಳು.